ಒಂದು ಬಿಟ್ಟು ಮಿಕ್ಕಿದ್ದೆಲ್ಲಾ

ನಾನು ಹೇಳಿದ್ದರಲ್ಲಿ ಕಾಲುಭಾಗ ಕಳೆದು ಕೇಳಿ ಎಂದು ನನ್ನ ಹೆಂಡತಿ ಮನೆಗೆ ಬಂದವರಿಗೆಲ್ಲ ಮೊದಲೇ ಹೇಳಿಬಿಡುತ್ತಾಳೆ. ಅದಕ್ಕೇ ನಾನು ಕಾಲುಭಾಗ ಸೇರಿಸಿಯೇ ಹೇಳುತ್ತೇನೆ. ಅಲ್ಲಿಗೆ ಸರಿಹೋಯಿತು. ಆದರೆ ರಂಗಮಂದಿರದ ಒಳಗೆ, ಸಾಹೇಬರ ತಲೆಯ ಮೇಲೆ ಮಳೆ ಬಂದ ಈ ಸಂಗತಿಗೆ ನಾನು ಒಂದು ಹನಿಯನ್ನೂ ಸೇರಿಸಿಲ್ಲ. ಸೇರಿಸಲು ಅಲ್ಲಿ ಜಾಗವೇ ಇರಲಿಲ್ಲ.

ನಮ್ಮದು ಹಳೆಯ ರಂಗಮಂದಿರ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಪರದೆ ಎಳೆಯುವವನೂ ನಾನೇ, ಸ್ವಿಚ್ ಒತ್ತುವವನೂ ನಾನೇ. ಮಂದಿರದ ಹಿಂಬಾಗಿಲಿಗೆ ಅಂಟಿಕೊಂಡಂತೆ ಅಂಗಳ, ಅಂಗಳಕ್ಕೆ ಅಂಟಿಕೊಂಡಂತೆ ಒಂದೂವರೆ ಕೋಣೆ. ಒಂದರಲ್ಲಿ ನಾನು ಮತ್ತು ಹೆಂಡತಿ, ಅರ್ಧದಲ್ಲಿ ಅತ್ತೆ. ಕೆಲಸ ಇರುವ ತನಕ ಕೋಣೆ. ಕೆಲಸ ಹೋಯಿತೋ, ಮೂವರೂ ಪಾತ್ರೆಪಡಗದ ಸಮೇತ ಬೀದಿಯಲ್ಲಿ.

ಅಲ್ಲಿನ ಸ್ವಿಚ್ ಬೋರ್ಡು ನನಗಿಂತ ಹಿರಿಯದು. ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಒಂದು ದಿನ ಎಷ್ಟು ಜೋರಾಗಿ ಹೊಡೆಯಿತೆಂದರೆ ನನ್ನ ಮೀಸೆಯ ಎಡಭಾಗ ಎರಡು ದಿನ ಮೇಲಕ್ಕೇ ನಿಂತಿತ್ತು. ಬಲಭಾಗ ಕೆಳಗೆ. ಅದನ್ನು ನೋಡಿ ಮ್ಯಾನೇಜರು ತೀರ್ಮಾನಕ್ಕೆ ಬಂದರು.

"ಇನ್ನು ಈ ಬೋರ್ಡ್ ಆಗಲ್ಲ ಕಣಯ್ಯಾ. ಹೊರಗಿಂದ ಕಂಪ್ಯೂಟರ್ ಮಿಷನ್ ತರಿಸ್ತೀನಿ. ಅದನ್ನ ನಡೆಸೋನೂ ಅದರ ಜೊತೆಗೇ ಬರ್ತಾನೆ."

"ಹಂಗಾದ್ರೆ ನಾನು, ಸಾರ್?"

"ನೀನು ಯಾವತ್ತಾದ್ರೂ ಕಂಪ್ಯೂಟರ್ ಮುಟ್ಟಿದೀಯಾ?"

ಮುಟ್ಟಿದ್ದೆ. ಔಷಧಿ ಅಂಗಡಿ ಅಕ್ಕನವರ ಕಂಪ್ಯೂಟರಿನ ಧೂಳು ಒರೆಸಿಕೊಟ್ಟಿದ್ದೆ. ಆದರೆ ಅದನ್ನು ಹೇಳಿದರೆ ತೂಕ ಸಾಲದು ಅನ್ನಿಸಿತು.

"ಮುಟ್ಟೋದೇನು ಸಾರ್, ನಮ್ಮನೇಲೇ ಮಾಡ್ತೀವಿ. ಅತ್ತೆ ಸ್ಕ್ರಿಪ್ಟ್ ಬರೀತಾರೆ, ನಾನು ನಡೆಸ್ತೀನಿ."

ಇದರಲ್ಲಿ ಅರ್ಧ ನಿಜ. ನಮ್ಮ ಅತ್ತೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವರು. ನಿವೃತ್ತರಾದ ಮೇಲೆ ಹಳೆಯ ಲ್ಯಾಪ್‌ಟಾಪ್ ಒಂದನ್ನು ಬಿಚ್ಚಿ, ಮತ್ತೆ ಜೋಡಿಸಿ, ಅದಕ್ಕೆ ಏನೇನೋ ಬರೆದು ಕೊಡುತ್ತಿದ್ದರು. ಹಾಗೆ ಬರೆದದ್ದಕ್ಕೆ ಸ್ಕ್ರಿಪ್ಟ್ ಅನ್ನುತ್ತಿದ್ದರು. ನಾವು ಮೂರು ಸಾಲು ಬರೆದರೆ ಅದು ಮೂರು ಸಾಲಿನ ಕೆಲಸ ಮಾಡುತ್ತದಂತೆ, ಎದುರು ಮಾತಾಡುವುದಿಲ್ಲವಂತೆ. ಅತ್ತೆಗೆ ಅದು ಬಹಳ ಹಿಡಿಸಿತ್ತು.

ಆದರೆ ರಂಗಮಂದಿರದ ಸುತ್ತಮುತ್ತ ಸ್ಕ್ರಿಪ್ಟ್ ಅಂದರೆ ಒಂದೇ ಅರ್ಥ. ನಾನು ಮನೆ ಸೇರುವ ಮೊದಲೇ ಸುದ್ದಿ ಬೀದಿ ದಾಟಿತ್ತು. ಮಾರನೇ ಬೆಳಿಗ್ಗೆ ಎದುರುಮನೆ ಟೈಲರು ಕೊರಳಿಗೆ ಟೇಪು ಹಾಕಿಕೊಂಡೇ ಬಂದು ನಿಂತರು.

"ಅಮ್ಮಾವ್ರು ನಾಟಕ ಬರೀತಿದಾರಂತೆ. ನನಗೊಂದು ಪಾತ್ರ ಇದೆಯಾ ಹೇಗೆ?"

ಅತ್ತೆ ಬೆಸುಗೆ ಹಾಕುತ್ತಿದ್ದವರು ತಲೆ ಎತ್ತಲಿಲ್ಲ. "ಎಂಟು ಪಾತ್ರ ಇದೆ. ಎಂಟೂ ಭರ್ತಿಯಾಗಿದೆ."

"ಯಾರ್ಯಾರು ಅಂತ?"

"ದೀಪ, ಫ್ಯಾನು, ಮೈಕು, ಪರದೆ."

ಟೈಲರು ಕೊರಳಿನ ಟೇಪು ಕೈಗೆ ಸುತ್ತಿಕೊಂಡರು. "ದೀಪ ಅಂದ್ರೆ ಹೆಂಗಸಿನ ಪಾತ್ರ ಅಲ್ವಾ," ಎಂದು ಬೇಸರದಿಂದ ಹೋದರು.

ಮ್ಯಾನೇಜರು ಕೊಟ್ಟ ನಾಲ್ಕು ದಿನದ ವಾಯಿದೆಯೊಳಗೆ, ಹಳೆಯ ಬೋರ್ಡಿನ ಬದಲಿಗೆ ಅತ್ತೆಯ ಪೆಟ್ಟಿಗೆ ಸಿದ್ಧವಾಯಿತು. ಒಳಗೆ ಎಂಟು ರಿಲೇ, ಅಂದರೆ ಟಕ್ ಎಂದು ತಾನೇ ಬೀಳುವ ಏಳುವ ಪುಟ್ಟ ಸ್ವಿಚ್ಚುಗಳು. ಒಂದು ಕಡೆಯಿಂದ ತಂತಿಗಳು ರಂಗಮಂದಿರಕ್ಕೆ, ಇನ್ನೊಂದು ಕಡೆಯಿಂದ ಒಂದೇ ತಂತಿ ಲ್ಯಾಪ್‌ಟಾಪಿಗೆ. ಅತ್ತೆ ನನ್ನನ್ನು ಮುಂದೆ ಕೂರಿಸಿಕೊಂಡು ಪಾಠ ಶುರುಮಾಡಿದರು.

"ಎಂಟು ಮನೆ ಸಾಲಾಗಿವೆ ಅಂತ ತಿಳ್ಕೊಳ್ಳಿ ಅಳಿಯಂದ್ರೆ. ಒಂದೊಂದು ಮನೇಲೂ ಒಂದು ದೀಪ. ಉರೀತಿದ್ರೆ ಒಂದು, ಆರಿದ್ರೆ ಸೊನ್ನೆ. ಒಂದೊಂದು ಮನೆಗೂ ಬಿಟ್ ಅಂತಾರೆ."

"ಏನನ್ನ ಬಿಟ್ಟು?"

"ಏನನ್ನೂ ಬಿಟ್ಟಲ್ಲ. ಅದರ ಹೆಸರೇ ಬಿಟ್."

"ಹೆಸರು ಹೇಳಿ ಅರ್ಧಕ್ಕೇ ನಿಲ್ಲಿಸಿದಂಗಿದೆ, ಅತ್ತೆ."

ಒಳಗಿನಿಂದ ಹೆಂಡತಿ, "ಅಮ್ಮಾ, ಅವರಿಗೆ ಕೈಯಲ್ಲಿ ಏನಾದ್ರೂ ಕೊಟ್ಟು ತೋರ್ಸು, ಕಿವೀಲಿ ಹೋಗಲ್ಲ," ಎಂದಳು. ಮದುವೆಯಾಗಿ ಹದಿನೆಂಟು ವರ್ಷ. ಹೆಂಡತಿಗೆ ನನ್ನ ಕಿವಿಯ ಪರಿಚಯ ಚೆನ್ನಾಗಿದೆ.

ಅತ್ತೆ ಒಂದು ಉದ್ದನೆ ರಟ್ಟಿನ ಪಟ್ಟಿಯಲ್ಲಿ ಎಂಟು ಕಿಟಕಿ ಕೊಯ್ದರು. ಮೊದಲನೇದರ ಕೆಳಗೆ ಒಂದು ಎಂದು ಬರೆದರು. ಎರಡನೇದರ ಕೆಳಗೆ ಎರಡು. ಇಲ್ಲಿಯ ತನಕ ನನಗೂ ಅತ್ತೆಗೂ ಭಿನ್ನಾಭಿಪ್ರಾಯವಿರಲಿಲ್ಲ. ಮೂರನೇದರ ಕೆಳಗೆ ನಾಲ್ಕು ಎಂದು ಬರೆದರು. ನಾಲ್ಕನೇದಕ್ಕೆ ಎಂಟು. ಹೀಗೆ ದುಪ್ಪಟ್ಟು ಮಾಡುತ್ತಾ ಮಾಡುತ್ತಾ ಎಂಟನೇದಕ್ಕೆ ನೂರ ಇಪ್ಪತ್ತೆಂಟಕ್ಕೆ ಬಂದು ಪೆನ್ನು ಮುಚ್ಚಿದರು. ಅಕ್ಕಪಕ್ಕದ ಮನೆಗೆ ಹೀಗೆ ನಂಬರು ಕೊಟ್ಟರೆ ಅಂಚೆಯವನು ಕೆಲಸ ಬಿಟ್ಟು ಓಡಿಹೋಗುತ್ತಾನೆ. ಆದರೆ ಅತ್ತೆಯ ಎದುರು ಹಾಗೆಲ್ಲ ಹೇಳಲಾಗುವುದಿಲ್ಲ.

"ಒಂದನೇ ಮನೆ, ಜನ ಕೂರೋ ಕಡೆ ದೀಪ. ಎರಡು, ಫ್ಯಾನು. ಮೂರು, ಮೈಕು. ನಾಲ್ಕು, ಪರದೆ. ಐದು, ರಂಗದ ದೀಪ. ಆರು, ಗಂಟೆ. ಏಳು, ಹಿಂಬಾಗಿಲ ಚಿಲಕ. ಎಂಟು, ರಂಗದ ಮೇಲೆ ಬೆಂಕಿ ಆರಿಸೋ ನೀರಿನ ಪಂಪು. ಎಂಟನೇದನ್ನ ಮಾತ್ರ ಮುಟ್ಬೇಡಿ."

"ಮುಟ್ಟಲ್ಲ ಅತ್ತೆ. ಈಗ ಮೈಕ್ ಹಾಕ್ತೀನಿ ನೋಡಿ," ಎಂದು ಮೂರು ಎಂದು ಒತ್ತಿದೆ.

ಹಿಂಬಾಗಿಲಾಚೆ ಮಂದಿರದಲ್ಲಿ ದೀಪ ಹತ್ತಿತು. ಫ್ಯಾನು ತಿರುಗಿತು. ಮೈಕು ಮಾತ್ರ ಸುಮ್ಮನಿತ್ತು.

"ತಂತಿ ಅದಲುಬದಲಾಗಿದೆ ಅತ್ತೆ."

"ತಂತಿ ಸರಿಯಾಗಿದೆ. ಮೂರು ಅಂದ್ರೆ ಮೂರನೇ ಮನೆ ಅಲ್ಲ ಅಳಿಯಂದ್ರೆ. ಒಂದು ಮತ್ತೆ ಎರಡು ಸೇರಿದ್ರೆ ಮೂರು. ಅದಕ್ಕೇ ಮೊದಲೆರಡು ಮನೆ ಹತ್ತಿದ್ವು. ಮೂರನೇ ಮನೆ ಬೇಕಾದ್ರೆ ನಾಲ್ಕು ಅನ್ಬೇಕು."

ನಾಲ್ಕು ಎಂದೆ. ಮೈಕು ಬಂತು. ದೀಪವೂ ಹೋಯಿತು, ಫ್ಯಾನೂ ಹೋಯಿತು.

"ಯಾಕೆ ಅಂದ್ರೆ ನೀವು ಒಂದು ನಂಬರ್ ಹೇಳಿದ್ರೆ ಎಂಟೂ ಮನೆ ಸುದ್ದಿ ಹೇಳ್ದಂಗೆ. ಮಿಕ್ಕಿದ ಮನೆ ಬಗ್ಗೆ ನೀವು ಏನೂ ಹೇಳ್ಲಿಲ್ಲ, ಅದಕ್ಕೆ ಆರ್ಸಿಬಿಡ್ತು."

ನಮ್ಮ ಬೀದಿಯಲ್ಲಿ ಒಂದು ಮನೆಯ ಸುದ್ದಿ ಕೇಳಿದರೆ ಎಂಟು ಮನೆಯದ್ದು ಬರುವುದು ನನಗೆ ಗೊತ್ತಿತ್ತು. ಮಿಷನ್ನಿಗೂ ಆ ಚಾಳಿ ಇದೆ ಎಂದು ಗೊತ್ತಿರಲಿಲ್ಲ.

ನನ್ನ ಮುಖ ನೋಡಿ ಅತ್ತೆಗೆ ಕನಿಕರ ಬಂದಿರಬೇಕು. ಒಳಗೆ ಹೋಗಿ ಇನ್ನೂ ನಾಲ್ಕು ಸಾಲು ಸ್ಕ್ರಿಪ್ಟ್ ಬರೆದು ನನಗೆಂದೇ ಮೂರು ಮಾತು ಕಲಿಸಿಕೊಟ್ಟರು. 'ಹಾಕು' ಎಂದು ನಂಬರು ಕೊಟ್ಟರೆ, ಈಗ ಇರುವುದನ್ನೆಲ್ಲ ಹಾಗೇ ಇಟ್ಟು ಆ ಮನೆಯನ್ನು ಮಾತ್ರ ಹತ್ತಿಸುತ್ತದೆ. 'ತೆಗೆ' ಎಂದರೆ ಆ ಮನೆಯನ್ನು ಮಾತ್ರ ಆರಿಸುತ್ತದೆ. 'ಮಗುಚು' ಎಂದರೆ ಕಾವಲಿಯ ಮೇಲೆ ಮಗುಚಿದ ಹಾಗೆ, ಕೊಟ್ಟ ನಂಬರಿನ ಮನೆಗಳಲ್ಲಿ ಹತ್ತಿದ್ದು ಆರುತ್ತದೆ, ಆರಿದ್ದು ಹತ್ತುತ್ತದೆ.

"ಎರಡು ಸಲ ಮಗುಚಿದ್ರೆ?" ಎಂದು ಕೇಳಿದೆ. ಕೇಳಬೇಕೆಂದು ಕೇಳಿದ್ದಲ್ಲ, ಪಾಠ ಕೇಳಿಸಿಕೊಳ್ಳುತ್ತಿದ್ದೇನೆ ಎಂದು ತೋರಿಸಲು.

ಅತ್ತೆ ಮೊದಲ ಸಲ ನನ್ನನ್ನು ಸ್ವಲ್ಪ ಮರ್ಯಾದೆಯಿಂದ ನೋಡಿದರು. "ಮೊದಲು ಹೇಗಿತ್ತೋ ಹಾಗೆ." ಆಮೇಲೆ ಎಂಟೂ ಕಿಟಕಿಯ ಕೆಳಗಿನ ನಂಬರುಗಳನ್ನು ಕೂಡಿಸಿ, ಬಂದ ಇನ್ನೂರ ಐವತ್ತೈದನ್ನು ಕೆಂಪು ಶಾಯಿಯಲ್ಲಿ ಬರೆದು ಲ್ಯಾಪ್‌ಟಾಪಿನ ಅಂಚಿಗೆ ಅಂಟಿಸಿದರು. "ಇದು ಎಲ್ಲಾ ಮನೆ ಸೇರಿ. ನೆನಪಿರ್ಲಿ."

ಈ ನಡುವೆ ಬೀದಿಯಲ್ಲಿ ನನ್ನ ದರ್ಜೆ ಏರಿಬಿಟ್ಟಿತ್ತು. ಔಷಧಿ ಅಂಗಡಿ ಅಕ್ಕ ನನ್ನನ್ನು ಇಂಜಿನಿಯರೇ ಎಂದು ಕರೆಯತೊಡಗಿದರು. ನಾನು ಬೇಡ ಅನ್ನಲಿಲ್ಲ. ಕರೆಯುವವರ ಬಾಯಿ ಕಟ್ಟಲು ಆಗುತ್ತದೆಯೇ.

ಸಾಹೇಬರು ಬರುವ ದಿನ ಬಂತು. ಅಗ್ನಿಶಾಮಕದ ಸಾಹೇಬರು. ಅವರು ನೋಡಿ ಸರಿ ಎಂದರೆ ಮಂದಿರಕ್ಕೆ ಇನ್ನೊಂದು ವರ್ಷ ಪರವಾನಗಿ. ಸರಿಯಿಲ್ಲ ಎಂದರೆ ಅಂದೇ ಬಾಗಿಲಿಗೆ ಬೀಗ, ಬೀಗಕ್ಕೆ ಅರಗಿನ ಮುದ್ರೆ, ನಮ್ಮ ಒಂದೂವರೆ ಕೋಣೆಯೂ ಸೇರಿ. ಸಾಹೇಬರು ಬೀಗ ಮತ್ತು ಅರಗನ್ನು ಚೀಲದಲ್ಲಿ ತಂದಿದ್ದರು. ಬಂದವರೇ ತೆಗೆದು ರಂಗದ ಮೇಲಿನ ಮೇಜಿನ ಮೇಲೆ ಇಟ್ಟರು. ಅಡುಗೆಗೆ ಮುಂಚೆ ಸಾಮಾನು ಹೊಂದಿಸಿಕೊಳ್ಳುವ ಹಾಗೆ.

ಮ್ಯಾನೇಜರು ಹೊಸ ಪೆಟ್ಟಿಗೆಯನ್ನು ಜನರ ಮುಂದೆ ತೋರಿಸಿ ಸಾಹೇಬರನ್ನು ಮೆಚ್ಚಿಸುವ ಆಸೆಯಿಂದ ಇಡೀ ಬೀದಿಯನ್ನು ಕರೆದಿದ್ದರು. ಮಧ್ಯಾಹ್ನ ನಾಲ್ಕು ಗಂಟೆಗೆ ನಲವತ್ತೊಂದು ಜನ ಬಂದು ಕೂತರು. ಅತ್ತೆ ಮುಂಚೆಯೇ ಕೆಳಗಿನ ದೀಪ, ಫ್ಯಾನು, ಮೈಕು ಹಾಕಿಟ್ಟು ಮೂರನೇ ಸಾಲಿನಲ್ಲಿ ಹೋಗಿ ಕೂತುಬಿಟ್ಟರು.

"ನೀವೇ ಇಲ್ಲಿ ಕೂತ್ಕೊಳ್ಳಿ ಅತ್ತೆ," ಎಂದು ಬೇಡಿಕೊಂಡೆ.

"ಕೆಲಸ ಯಾರದ್ದೋ ಬೆರಳು ಅವರದ್ದೇ ಇರ್ಬೇಕು ಅಳಿಯಂದ್ರೆ."

ನನಗೆ ಇದ್ದದ್ದು ಎರಡೇ ಕೆಲಸ. ಪರದೆ, ಆಮೇಲೆ ರಂಗದ ದೀಪ. ಎಂಟು, ಹದಿನಾರು ಎಂದು ಅಂಗೈಯಲ್ಲಿ ಬರೆದುಕೊಂಡಿದ್ದೆ. ರಟ್ಟಿನ ಪಟ್ಟಿಯನ್ನೂ ತರಬೇಕೆಂದಿದ್ದೆ. ಆದರೆ ಹೆಂಡತಿ ಅದನ್ನು ಹಾಲಿನ ಪಾತ್ರೆಯ ಮೇಲೆ ಮುಚ್ಚಿದ್ದಳು. ಎಂಟು ತೂತಿನಲ್ಲಿ ಹಬೆ ಚೆನ್ನಾಗಿ ಹೋಗುತ್ತದಂತೆ.

ರಂಗದ ಮೇಲೆ, ಮುಚ್ಚಿದ ಪರದೆಯ ಹಿಂದೆ ಸಾಹೇಬರು ಮತ್ತು ಮ್ಯಾನೇಜರು ಮೈಕಿನ ಮುಂದೆ ನಿಂತರು. ನಾನು ಪಕ್ಕದ ಮರೆಯಲ್ಲಿ, ಪರದೆಯ ಎರಡೂ ಕಡೆ ಕಾಣುವ ಮೂಲೆಯಲ್ಲಿ. ಮ್ಯಾನೇಜರು ನನ್ನ ಕಡೆ ತಿರುಗಿ ಗಂಭೀರವಾಗಿ ಹೇಳಿದರು: "ಪರದೆ ತೆಗಿ."

ತೆಗೆ, ಎಂಟು. ಒತ್ತಿದೆ. ಏನೂ ಆಗಲಿಲ್ಲ.

"ತೆಗಿ ಅಂದೆ."

ಮತ್ತೆ ತೆಗೆ, ಎಂಟು. ಪರದೆ ಮಿಸುಕಲಿಲ್ಲ. ಕೆಳಗೆ ಯಾರೋ ಸೀಟಿ ಹೊಡೆದರು.

"ಹಾಕಿರೋ ಪರದೆ ಹಾಕಿದಂಗೇ ಇದೆಯಲ್ಲಯ್ಯಾ, ತೆಗಿಯೋ."

ಆಗ ನನಗೆ ಜ್ಞಾನೋದಯವಾಯಿತು. ನಾವು ದೀಪ ಹಾಕು ಅಂದರೆ ಹತ್ತಬೇಕು. ಪರದೆ ಹಾಕು ಅಂದರೆ ಮುಚ್ಚಬೇಕು. ಬಾಗಿಲು ತೆಗೆ ಅಂದರೆ ತೆರೆಯಬೇಕು. ಇಷ್ಟು ವರ್ಷ ಈ ಮಾತುಗಳನ್ನು ಆಡಿಕೊಂಡು ಹೇಗೆ ಬದುಕಿದ್ದೆವೋ. ಅತ್ತೆಯ ಮಿಷನ್ನಿಗೆ ಮನೆಯ ಪದ್ಧತಿ ಗೊತ್ತಿಲ್ಲ, ಅದಕ್ಕೆ ಹಾಕು ಅಂದರೆ ಹಾಕು ಅಷ್ಟೇ. 'ಹಾಕು, ಎಂಟು' ಎಂದು ಒತ್ತಿದೆ. ಪರದೆ ಸರ್ರನೆ ತೆರೆಯಿತು. ಜನ ಚಪ್ಪಾಳೆ ತಟ್ಟಿದರು.

ಇಷ್ಟಕ್ಕೇ ನಿಂತಿದ್ದರೆ ನಾನು ಜಾಣ. ಆದರೆ ನಾನು ಒಂದು ನಿಯಮ ಮಾಡಿಕೊಂಡೆ: ಇವತ್ತು ಮ್ಯಾನೇಜರು ಹೇಳಿದ್ದಕ್ಕೆ ಉಲ್ಟಾ ಒತ್ತಬೇಕು.

"ರಂಗದ ಲೈಟ್ ಹಾಕು," ಎಂದರು ಮ್ಯಾನೇಜರು. ತೆಗೆ, ಹದಿನಾರು. ಕತ್ತಲೆ ಕತ್ತಲೆಯಾಗಿಯೇ ಉಳಿಯಿತು.

"ಹಾಕಯ್ಯಾ, ಸಾಹೇಬರ ಮುಖ ಕಾಣ್ತಿಲ್ಲ."

ಹಾಕು, ಹದಿನಾರು. ಬೆಳಕು ಬಂತು. ಹಾಗಾದರೆ ಪರದೆಗೆ ಉಲ್ಟಾ, ದೀಪಕ್ಕೆ ಸೀದಾ. ಇನ್ನು ಮಿಕ್ಕ ಆರು ಮನೆಯ ಸ್ವಭಾವ ಒಂದೊಂದೇ ಕಂಡುಹಿಡಿಯಬೇಕು ಎಂದು ಬೆವರು ಒರೆಸಿಕೊಂಡೆ. ಬೆವರಿನ ಜೊತೆ ಅಂಗೈಯ ಎಂಟೂ ಹದಿನಾರೂ ಹಣೆಗೆ ಹೋದವು.

ಅಷ್ಟರಲ್ಲಿ ಮೈಕು ಕುಯ್ಯೋ ಎಂದು ಕಿರುಚಲು ಶುರುಮಾಡಿತು. ಸಾಹೇಬರು ಕಿವಿ ಮುಚ್ಚಿಕೊಂಡರು.

"ರೀ, ಯಾರ್ರೀ ಅಲ್ಲಿ, ಮೊದಲು ಮೈಕ್ ತೆಗೀರಿ."

ಮೈಕು ನನ್ನ ಪಾಠದಲ್ಲಿರಲಿಲ್ಲ. ಮೂರನೇ ಮನೆ ಎಂಬುದು ನೆನಪಿತ್ತು. ಆದರೆ ಮೂರು ಒತ್ತಿ ಒಮ್ಮೆ ಕೈ ಸುಟ್ಟುಕೊಂಡಿದ್ದೆ, ನಾಲ್ಕು ಒತ್ತಿ ಇನ್ನೊಮ್ಮೆ. 'ಹಾಕು' ಪರದೆಗೊಂದು ಅರ್ಥ, ದೀಪಕ್ಕೊಂದು ಅರ್ಥ ಕೊಟ್ಟು ತಲೆ ಕೆಡಿಸಿತ್ತು, 'ತೆಗೆ' ಮೂರು ಸಲ ಮೋಸ ಮಾಡಿತ್ತು. ಈ ಪ್ರಪಂಚದಲ್ಲಿ ನನಗೆ ಇದುವರೆಗೆ ಯಾವ ಕೇಡೂ ಮಾಡದ ಮಾತು ಒಂದೇ, ಮಗುಚು. ಯಾವ ಕೇಡೂ ಮಾಡದ ನಂಬರು ಒಂದೇ, ಎದುರಿಗೆ ಕೆಂಪಗೆ ಕಾಣುತ್ತಿದ್ದ ಇನ್ನೂರ ಐವತ್ತೈದು. ಒಳ್ಳೆಯವರಿಬ್ಬರನ್ನು ಜೋಡಿ ಮಾಡಿದೆ.

ಎಂಟು ರಿಲೇ ಒಟ್ಟಿಗೆ ಟಕ್ ಎಂದವು.

ಮೈಕು ನಿಂತಿತು, ಅಷ್ಟು ಸರಿ. ಆದರೆ ಕೆಳಗಿನ ದೀಪ ಆರಿತು, ಫ್ಯಾನು ನಿಂತಿತು, ರಂಗದ ದೀಪ ಹೋಯಿತು, ಪರದೆ ಧೊಪ್ಪನೆ ಮುಚ್ಚಿಕೊಂಡಿತು. ಸುಮ್ಮನಿದ್ದ ಗಂಟೆ ಟಣಟಣ ಬಡಿದುಕೊಂಡಿತು. ಹಿಂಬಾಗಿಲ ಚಿಲಕ ಕಳಚಿತು. ಪರದೆಯ ಹಿಂದಿನ ಕತ್ತಲಲ್ಲಿ, ಸಾಹೇಬರ ತಲೆಯ ಮೇಲೆ, ಸೂರಿನ ಕೊಳವೆಗಳಿಂದ ಧಾರಾಕಾರ ಮಳೆ.

"ಮ್ಯಾನೇಜರೇ," ಎಂದಿತು ಸಾಹೇಬರ ದನಿ, ಬಹಳ ನಿಧಾನವಾಗಿ. "ಇದು ಏನು?"

"ನೀರು, ಸಾರ್," ಎಂದರು ಮ್ಯಾನೇಜರು. ಸುಳ್ಳು ಹೇಳುವ ಪರಿಸ್ಥಿತಿಯಲ್ಲಿ ಅವರಿರಲಿಲ್ಲ.

ಕೆಳಗೆ ಕೂತವರು ಗಂಟೆ ಕೇಳಿ ಎದ್ದವರೇ, ಹಿಂಬಾಗಿಲಲ್ಲಿ ಬಿಸಿಲು ಕಂಡ ಕಡೆಗೆ ನುಗ್ಗಿದರು. ಎಲ್ಲರಿಗಿಂತ ಮುಂದೆ ಟೈಲರು. ಎಲ್ಲರಿಗಿಂತ ಹಿಂದೆ ನಮ್ಮ ಅತ್ತೆ, ಕುರ್ಚಿ ಸರಿಮಾಡಿ ಇಟ್ಟು. ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ನನ್ನ ಹೆಂಡತಿ ನಲವತ್ತೊಂದು ಜನ ತನ್ನ ಹಗ್ಗದ ಕೆಳಗೆ ತಲೆ ಬಗ್ಗಿಸಿ ಬರುವುದನ್ನು ನೋಡಿ, "ರೀ, ಇಷ್ಟು ಜನಕ್ಕೆ ಕಾಫಿ ಅಂದ್ರೆ ಮೊದಲೇ ಹೇಳ್ಬೇಕಾಗಿತ್ತು," ಎಂದು ಒಳಗೆ ಕೇಳುವಂತೆ ಕೂಗಿದಳು.

ಪರದೆಯ ಅಡಿಯಿಂದ ಸಾಹೇಬರ ತಲೆ ಹೊರಬಂತು. ಟೋಪಿಯಿಂದ ನೀರು ಸೋರುತ್ತಿತ್ತು. "ಮೊದಲು ಹೇಗಿತ್ತೋ ಹಾಗೆ ಮಾಡಿ," ಎಂದರು.

ಮೊದಲು ಹೇಗಿತ್ತೋ ಹಾಗೆ. ಈ ಮಾತನ್ನು ಎಲ್ಲೋ ಕೇಳಿದ್ದೆ. ಎಲ್ಲಿ ಎಂದು ನೆನಪಾಗಲಿಲ್ಲ, ಬೆರಳಿಗೆ ನೆನಪಾಯಿತು. ಅದನ್ನೇ ಮತ್ತೆ ಒತ್ತಿದೆ. ಟಕ್. ಮಳೆ ನಿಂತಿತು, ಗಂಟೆ ನಿಂತಿತು, ಬಾಗಿಲು ಭದ್ರವಾಯಿತು, ದೀಪ ಬಂತು, ಫ್ಯಾನು ಬಂತು, ಪರದೆ ತೆರೆಯಿತು. ರಂಗದ ಮಧ್ಯೆ ಮ್ಯಾನೇಜರು ಕೈ ಮುಗಿದು ನಿಂತಿದ್ದರು, ಯಾರಿಗೆ ಎಂದು ಅವರಿಗೂ ತಿಳಿದಿರಲಿಲ್ಲ. ಮೈಕು ಕೂಡ ಹುಷಾರಾಗಿ ಎದ್ದು, ಕಿರುಚದೆ ಸುಮ್ಮನಿತ್ತು.

ಸಾಹೇಬರು ಟೋಪಿ ಹಿಂಡಿದರು. ಮುಂಬಾಗಿಲು ಸುತ್ತಿ ಒಳಗೆ ಬಂದು ಇಣುಕುತ್ತಿದ್ದ ನನ್ನ ಹೆಂಡತಿಯನ್ನು ಕರೆದರು. "ಏನಮ್ಮಾ, ಜನ ಹೊರಗೆ ಬರೋಕೆ ಎಷ್ಟು ಹೊತ್ತಾಯ್ತು?"

"ಹಾಲು ಒಲೆ ಮೇಲಿತ್ತು. ಉಕ್ಕೋದ್ರೊಳಗೆ ಎಲ್ಲಾ ಬಂದ್ರು ಸಾರ್."

ಸಾಹೇಬರು ಅದನ್ನು ಒದ್ದೆ ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಮ್ಯಾನೇಜರ ಕಡೆ ತಿರುಗಿದರು. "ಬೆಂಕಿ ಬಿದ್ರೆ ಗಂಟೆ, ಹಿಂಬಾಗಿಲು, ನೀರು, ಮೂರೂ ಒಂದೇ ಸಲಕ್ಕೆ ಆಗ್ಬೇಕು ಅಂತ ನೋಟೀಸ್ ಕಳ್ಸಿದ್ನಲ್ಲ. ಮಾಡಲ್ಲ ಅನ್ಕೊಂಡೇ ಬೀಗ ತಂದಿದ್ದೆ. ಮಾಡಿದೀರಿ."

ನೋಟೀಸು ಬಂದಿದ್ದು ನಿಜ. ಮ್ಯಾನೇಜರು ಅದನ್ನು ಮಡಚಿ, ತಮ್ಮ ಕುರ್ಚಿ ಅಲ್ಲಾಡದ ಹಾಗೆ ಅದರ ಕಾಲಿಗೆ ಕೊಟ್ಟಿದ್ದರು. "ತಮ್ಮ ನೋಟೀಸಿನ ಆಧಾರದ ಮೇಲೇ ಕೂತಿದ್ದೀವಿ ಸಾರ್," ಎಂದರು. ಅದೂ ನಿಜವೇ.

"ಆದ್ರೆ ಒಂದು ತಪ್ಪಿದೆ," ಎಂದರು ಸಾಹೇಬರು. ಬೀಗ ಕೈಗೆ ತೆಗೆದುಕೊಂಡರು. "ಜನ ಕೂರೋ ಕಡೆ ದೀಪ ಆರ್ಸಿದೀರಿ. ಹಗಲಾಗಿದ್ದಕ್ಕೆ ಬಾಗಿಲು ಕಾಣಿಸ್ತು. ಸಂಜೆ ಆಟ ಇದ್ದಿದ್ರೆ? ಆ ದೀಪ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಆಗ ಆದಂಗೇ ಆಗ್ಬೇಕು. ಈಗ್ಲೇ ಮಾಡಿ ತೋರ್ಸಿ. ಇಲ್ಲಾಂದ್ರೆ ನನ್ನ ಕೆಲಸ ನಾನು ಮಾಡ್ತೀನಿ."

ಇಡೀ ಬೀದಿ ಒಳಗೆ ಬಂದು ನನ್ನನ್ನೇ ನೋಡುತ್ತಿತ್ತು. ಔಷಧಿ ಅಂಗಡಿ ಅಕ್ಕ ಸಾಹೇಬರ ತಲೆಯ ಮೇಲೆ ಛತ್ರಿ ಹಿಡಿದರು. ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಕುರ್ಚಿಯಲ್ಲಿ ಕೂತು ತುಟಿ ಬಿಗಿದುಕೊಂಡಿದ್ದರು. ಹೇಳಿಕೊಟ್ಟರೆ ನಡೆಸುವವನು ನಾನಲ್ಲ ಎಂದು ಸಾಹೇಬರಿಗೆ ತಿಳಿಯುತ್ತದೆ, ಮ್ಯಾನೇಜರಿಗೂ ತಿಳಿಯುತ್ತದೆ. ಹೆಂಡತಿ ಸೆರಗಿನ ತುದಿ ಹಿಂಡುತ್ತಿದ್ದಳು. ಹಿಂಡಲು ಅದೇನೂ ಒದ್ದೆಯಾಗಿರಲಿಲ್ಲ.

"ಏನಂದ್ರಿ ಸಾರ್?" ಎಂದೆ, ಸಮಯ ಸಿಗಲಿ ಎಂದು.

"ಒಂದು ಬಿಟ್ಟು ಮಿಕ್ಕಿದ್ದೆಲ್ಲಾ."

ಒಂದು ಬಿಟ್ಟು. ಅರ್ಧಕ್ಕೇ ನಿಂತ ಹಾಗಿದ್ದ ಆ ಹೆಸರು ಈಗ ಪೂರ್ತಿಯಾಯಿತು. ಎಲ್ಲಾ ಮನೆ ಸೇರಿ ಇನ್ನೂರ ಐವತ್ತೈದು. ಅದರಲ್ಲಿ ಒಂದು ಬಿಟ್ಟು. ಬೆರಳು ಮಡಚಿ ಕಳೆದೆ. ಇನ್ನೂರ ಐವತ್ನಾಲ್ಕು. ಮಗುಚು ಎಂದು ಬರೆದು, ನಂಬರು ಬರೆದು, ಕಣ್ಣು ಮುಚ್ಚಿ ಒತ್ತಿದೆ.

ಟಕ್. ಗಂಟೆ ಬಡಿಯಿತು. ಹಿಂಬಾಗಿಲು ಕಳಚಿತು. ಪರದೆ ಬಿತ್ತು. ನೀರು ಸುರಿಯಿತು. ನಾನು ಒಂದೇ ಕಣ್ಣು ತೆರೆದು ಕೆಳಗೆ ನೋಡಿದೆ. ಎಲ್ಲರ ತಲೆಯ ಮೇಲೆ ದೀಪ ನೆಟ್ಟಗೆ ಉರಿಯುತ್ತಿತ್ತು.

ಟೈಲರು ಅಭ್ಯಾಸಬಲದಿಂದ ಮತ್ತೆ ಅಂಗಳಕ್ಕೆ ಓಡಿದರು. ಸಾಹೇಬರು ಛತ್ರಿಯ ಕೆಳಗೇ ರುಜು ಹಾಕಿದರು. ಬೀಗ, ಅರಗು ಚೀಲ ಸೇರಿದವು. ಮ್ಯಾನೇಜರು ನನ್ನ ಬೆನ್ನು ತಟ್ಟಿ, "ಹೊರಗಿನೋನು ಯಾಕಯ್ಯಾ, ನೀನಿರೋವಾಗ," ಎಂದರು. ಅವರ ಅಂಗಿಯಿಂದ ನನಗೂ ಸ್ವಲ್ಪ ನೀರು ಹಾರಿತು.

ಸಂಜೆ ಕಾಫಿ ಕುಡಿಯುತ್ತಾ ನಾನು ಅಂಗಳದಲ್ಲಿ ಕಾಲು ಚಾಚಿ ಕೂತಿದ್ದೆ. ಟೈಲರು, ಅಕ್ಕ, ಇನ್ನೂ ನಾಲ್ಕೈದು ಜನ ಸುತ್ತ ಸೇರಿದ್ದರು. ಅತ್ತೆ ತಮ್ಮ ಲೋಟ ಕೆಳಗಿಟ್ಟರು.

"ಅಳಿಯಂದ್ರೆ, ಒಂದು ಮಾತು. ಸಾಹೇಬ್ರು ದೀಪ ಬಿಟ್ಟು ಅನ್ನೋ ಬದ್ಲು, ಮೈಕ್ ಬಿಟ್ಟು ಮಿಕ್ಕಿದ್ದೆಲ್ಲಾ ಅಂದಿದ್ರೆ ಏನು ಒತ್ತುತಿದ್ರಿ?"

ಇಷ್ಟು ಸುಲಭದ್ದನ್ನು ಕೇಳುತ್ತಾರಲ್ಲ ಎಂದು ನನಗೆ ನಗು ಬಂತು. ಎಲ್ಲರಿಗೂ ಕೇಳುವಂತೆ ಹೇಳಿದೆ: "ಮೈಕು ಮೂರನೇ ಮನೆ ಅತ್ತೆ. ಇನ್ನೂರ ಐವತ್ತೈದರಲ್ಲಿ ಮೂರು ಬಿಟ್ರೆ ಇನ್ನೂರ ಐವತ್ತೆರಡು."

ಅತ್ತೆ ಬಾಗಿಲಾಚೆ ಹಾಲಿನ ಪಾತ್ರೆ ಮುಚ್ಚಿದ್ದ ರಟ್ಟಿನಲ್ಲಿ ಮೂರನೇ ಕಿಟಕಿಯ ಕೆಳಗಿನ ನಾಲ್ಕನ್ನು ಒಮ್ಮೆ ನೋಡಿದರು. ಎದ್ದು ಒಳಗೆ ಹೋದರು. ಮೂಲೆಯಲ್ಲಿದ್ದ ದೊಡ್ಡ ಛತ್ರಿಯನ್ನು ತಂದು, ಧೂಳು ಕೊಡವಿ, ಲ್ಯಾಪ್‌ಟಾಪಿನ ಪಕ್ಕದಲ್ಲಿ ಒರಗಿಸಿಟ್ಟರು. ಇವತ್ತಿಗೂ ಅದು ಅಲ್ಲೇ ಇದೆ.